ಸರ್ಕಾರಿ ವಿಮಾನ: ಸ್ವಂತವೋ, ಬಾಡಿಗೆಯೋ? ಒಂದು ವೆಚ್ಚ ವಿಶ್ಲೇಷಣೆ

2025ರ ಡಿಸೆಂಬರ್ ತಿಂಗಳಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಜರುಗಿದ ಚಳಿಗಾಲದ ಅಧಿವೇಶನದಲ್ಲಿ, ವಿರೋಧ ಪಕ್ಷಕ್ಕೆ ಸೇರಿದ ವಿಧಾನ ಪರಿಷತ್ ಸದಸ್ಯರೊಬ್ಬರು ಕೇಳಿದ ಪ್ರಶ್ನೆಗೆ ಸರ್ಕಾರವು ಲಿಖಿತ ಉತ್ತರ ನೀಡಿತು. 2023ರ ಮೇ ತಿಂಗಳಿಂದ 2025ರ ನವೆಂಬರ್‌ವರೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಹೆಲಿಕಾಪ್ಟರ್ ಹಾಗೂ ವಿಶೇಷ ವಿಮಾನ ಪ್ರಯಾಣಕ್ಕೆ 47 ಕೋಟಿ ರೂಪಾಯಿಗೂ ಅಧಿಕ ವೆಚ್ಚವಾಗಿದೆ ಎಂಬುದು ಅದರ ಸಾರಾಂಶ. ವರ್ಷವಾರು ನೋಡಿದರೆ 2023-24ರಲ್ಲಿ ಸುಮಾರು 12 ಕೋಟಿ, 2024-25ರಲ್ಲಿ ಸುಮಾರು 21 ಕೋಟಿ, 2025-26ರ ಮೊದಲ ಎಂಟು ತಿಂಗಳಲ್ಲಿ ಸುಮಾರು 14 ಕೋಟಿ. ತಿಂಗಳಿಗೆ ಸರಾಸರಿ ತೆಗೆದರೆ ಒಂದೂವರೆ ಕೋಟಿಗೆ ತುಸು ಮೇಲೆ ಬರುತ್ತದೆ.

ಈ ಅಂಕಿಗಳು ಪ್ರಕಟವಾದೊಡನೆ ಎರಡು ಬಗೆಯ ಮಾತು ಕೇಳಿಬಂದವು. ಬಡವರ ತೆರಿಗೆಯ ಹಣದಲ್ಲಿ ಆಕಾಶಯಾನವೇ ಎಂಬುದು ಒಂದು. ಇಷ್ಟು ಬಾಡಿಗೆ ಕೊಡುವ ಬದಲು ಸರ್ಕಾರವೇ ಒಂದು ವಿಮಾನ ಕೊಂಡುಬಿಟ್ಟರೆ ಉಳಿತಾಯವಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ರಾಜಕೀಯ ಟೀಕೆ. ಅದಕ್ಕೆ ಉತ್ತರ ಕೊಡುವವರು ಬೇರೆ ಇದ್ದಾರೆ. ಎರಡನೆಯದು ಶುದ್ಧ ವ್ಯಾಪಾರದ ಪ್ರಶ್ನೆ. ಇದನ್ನು ನಮ್ಮ ವರ್ತಕರೂ ಸಣ್ಣ ಉದ್ದಿಮೆದಾರರೂ ತಮ್ಮ ಮಟ್ಟದಲ್ಲಿ ಪ್ರತಿ ವರ್ಷ ಬಿಡಿಸುತ್ತಿರುತ್ತಾರೆ. ಆದ್ದರಿಂದ ಈ ಲೇಖನದಲ್ಲಿ ವಿಷಯವನ್ನು ವೆಚ್ಚ ಲೆಕ್ಕಶಾಸ್ತ್ರದ ದೃಷ್ಟಿಯಿಂದಲೇ ವಿವೇಚಿಸಲಾಗಿದೆ.

ಮೊದಲು ಲಾರಿಯ ಲೆಕ್ಕ

ಗಜೇಂದ್ರಗಡ ತಾಲ್ಲೂಕಿನ ಪುರ್ತಗೇರಿಯ ವರ್ತಕನೊಬ್ಬ ತನ್ನ ಮಾಲನ್ನು ಬೆಂಗಳೂರಿಗೆ ಕಳುಹಿಸಬೇಕಾಗಿದೆ ಎಂದು ಭಾವಿಸೋಣ. ಸ್ವಂತ ಲಾರಿ ಕೊಳ್ಳಬೇಕೋ, ಬಾಡಿಗೆಗೆ ಹಿಡಿಯಬೇಕೋ? ಲಾರಿಯ ಬೆಲೆ 40 ಲಕ್ಷ ರೂ. ಎಂದಿಟ್ಟುಕೊಳ್ಳಿ. ಶೇ. 9ರ ದರದಲ್ಲಿ ಬಡ್ಡಿ 3.60 ಲಕ್ಷ. ಹತ್ತು ವರ್ಷಗಳ ನಂತರ 10 ಲಕ್ಷಕ್ಕೆ ಮಾರಿದರೆ ವರ್ಷದ ಸವಕಳಿ 3 ಲಕ್ಷ. ವಿಮೆ, ರಸ್ತೆ ತೆರಿಗೆ, ಪರ್ಮಿಟ್ ಎಂದು 1.40 ಲಕ್ಷ. ಚಾಲಕ ಹಾಗೂ ಕ್ಲೀನರ್‌ನ ಸಂಬಳ 3 ಲಕ್ಷ. ಒಟ್ಟು 11 ಲಕ್ಷ ರೂ. ಲಾರಿ ಅಂಗಳದಲ್ಲಿ ನಿಂತರೂ ತಪ್ಪದ ಖರ್ಚು ಇದು. ಇದನ್ನೇ ಸ್ಥಿರ ವೆಚ್ಚ ಎನ್ನುತ್ತೇವೆ.

ಬಾಡಿಗೆ ಲಾರಿಗೆ ಒಂದು ಟ್ರಿಪ್ಪಿಗೆ 30,000 ರೂ. ಸ್ವಂತ ಲಾರಿಯಾದರೆ ಡೀಸೆಲ್, ಟೋಲ್, ಟಯರ್ ಸವೆತ ಸೇರಿ 19,000 ರೂ. ಅಂದರೆ ಪ್ರತಿ ಟ್ರಿಪ್ಪಿಗೆ ಉಳಿತಾಯ 11,000 ರೂ. 11 ಲಕ್ಷವನ್ನು ಇದರಿಂದ ಭಾಗಿಸಿದರೆ 100. ವರ್ಷಕ್ಕೆ ನೂರು ಟ್ರಿಪ್, ಅಂದರೆ ಹೆಚ್ಚು ಕಡಿಮೆ ವಾರಕ್ಕೆ ಎರಡು. ಇದು ಲಾಭವೂ ಇಲ್ಲದ ನಷ್ಟವೂ ಇಲ್ಲದ ಬಿಂದು. ಇದಕ್ಕಿಂತ ಹೆಚ್ಚು ಟ್ರಿಪ್ ಇರುವವನು ಲಾರಿ ಕೊಳ್ಳಬಹುದು. ವರ್ಷಕ್ಕೆ ನಲವತ್ತು ಟ್ರಿಪ್ ಮಾತ್ರ ಇರುವವನು ಲಾರಿ ಕೊಂಡರೆ, ಮನೆಯ ಮುಂದೆ ಲಾರಿ ನಿಂತಿರುವ ಸಂತೋಷವಷ್ಟೇ ಅವನ ಪಾಲಿನ ಲಾಭ.

ಮರುಪ್ರಯಾಣದ ಸಂಗತಿ ಬೇರೆ ಇದೆ. ಬೆಂಗಳೂರಿನಿಂದ ರಿಟರ್ನ್ ಲೋಡ್ ಸಿಗದಿದ್ದರೆ ಖಾಲಿ ಬರುವ ಲಾರಿಯ ಡೀಸೆಲ್ಲೂ ಹೋಗುವಾಗಿನ ಮಾಲಿನ ಮೇಲೆಯೇ ಬೀಳುತ್ತದೆ. ಬಾಡಿಗೆ ವಿಮಾನದ ಬಿಲ್ಲಿನಲ್ಲಿಯೂ ಇದೇ ಇರುತ್ತದೆ. ವಿಮಾನ ತನ್ನ ನೆಲೆಯಿಂದ ಖಾಲಿ ಹೊರಟು ಬಂದು, ಗಣ್ಯರನ್ನು ಇಳಿಸಿ, ಖಾಲಿ ಮರಳಿದರೆ ಆ ಎರಡೂ ಖಾಲಿ ಹಾರಾಟದ ಗಂಟೆಗಳು ಬಿಲ್ಲಿಗೆ ಸೇರುತ್ತವೆ. ಕಾಯ್ದು ನಿಂತರೆ ಹಾಲ್ಟಿಂಗ್ ಶುಲ್ಕ. ಲಾರಿ ಬಾಡಿಗೆ ಕೊಟ್ಟು ಅಭ್ಯಾಸವಿರುವ ಯಾವ ವರ್ತಕನಿಗೂ ಇದನ್ನು ವಿವರಿಸುವ ಅಗತ್ಯವಿಲ್ಲ.

ಅದೇ ಲೆಕ್ಕ, ವಿಮಾನಕ್ಕೆ

ಈಗ ವಿಮಾನಕ್ಕೆ ಬರೋಣ. ಗುಜರಾತ್ ಸರ್ಕಾರವು 2019ರಲ್ಲಿ ಮುಖ್ಯಮಂತ್ರಿ, ರಾಜ್ಯಪಾಲರೇ ಮೊದಲಾದ ಗಣ್ಯರ ಬಳಕೆಗಾಗಿ ಬೊಂಬಾರ್ಡಿಯರ್ ಚಾಲೆಂಜರ್ 650 ಎಂಬ ಜೆಟ್ ವಿಮಾನವನ್ನು ಕೊಂಡಿತು. ಬೆಲೆ 191 ಕೋಟಿ ರೂ. ರಾಜ್ಯ ಸರ್ಕಾರವೊಂದು ಕೊಟ್ಟ ನಿಜವಾದ ಬೆಲೆಯಾದ್ದರಿಂದ ಇದನ್ನೇ ಆಧಾರವಾಗಿಟ್ಟುಕೊಳ್ಳೋಣ. ಇಂದು ಕೊಳ್ಳಹೋದರೆ ಬೆಲೆ ಇನ್ನೂ ಮೇಲಿರುತ್ತದೆಯೇ ಹೊರತು ಕೆಳಗಿರಲಾರದು.

ರಾಜ್ಯ ಸರ್ಕಾರದ ಸಾಲಪತ್ರಗಳ ಬಡ್ಡಿಯು ಇತ್ತೀಚಿನ ವರ್ಷಗಳಲ್ಲಿ ಶೇ. 7ರ ಆಸುಪಾಸಿನಲ್ಲಿದೆ. ಆ ದರದಲ್ಲಿ 191 ಕೋಟಿಗೆ ವರ್ಷದ ಬಡ್ಡಿ 13.4 ಕೋಟಿ. ಹದಿನೈದು ವರ್ಷ ಬಳಸಿ, ಮೂಲ ಬೆಲೆಯ ಶೇ. 30ಕ್ಕೆ ಮಾರಬಹುದೆಂದು ಉದಾರವಾಗಿ ಹಿಡಿದರೆ ವರ್ಷದ ಸವಕಳಿ 8.9 ಕೋಟಿ. ಪೈಲಟ್‌ಗಳು, ಎಂಜಿನಿಯರ್‌ಗಳು, ಹ್ಯಾಂಗರ್, ವಿಮೆ, ಕಡ್ಡಾಯ ತಪಾಸಣೆಗಳಿಗೆ 5 ಕೋಟಿ ಎಂದು ನನ್ನ ಅಂದಾಜು ಸೇರಿಸಿದ್ದೇನೆ. ಒಟ್ಟು 27.3 ಕೋಟಿ ರೂ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕರ್ನಾಟಕದ ಮುಖ್ಯಮಂತ್ರಿಯವರ ವಿಮಾನ ಮತ್ತು ಹೆಲಿಕಾಪ್ಟರ್‌ಗಳೆರಡರ ವೆಚ್ಚವೂ ಸೇರಿ, ಅತಿ ಹೆಚ್ಚು ಖರ್ಚಾದ 2024-25ರಲ್ಲಿ ಆದದ್ದು ಸುಮಾರು 21 ಕೋಟಿ. ಸ್ವಂತ ಜೆಟ್ ಒಂದು ಹನಿ ಇಂಧನ ಸುಡದೆ ಹ್ಯಾಂಗರಿನಲ್ಲಿ ನಿಂತಿದ್ದರೂ ಅದಕ್ಕಿಂತ 6 ಕೋಟಿ ಹೆಚ್ಚು ನುಂಗುತ್ತದೆ. ಮೇಲಾಗಿ ಆ 21 ಕೋಟಿಯಲ್ಲಿ ಹೆಲಿಕಾಪ್ಟರಿನ ಪಾಲು ಜೆಟ್ ಕೊಂಡ ಮಾತ್ರಕ್ಕೆ ನಿಲ್ಲುವುದಿಲ್ಲ. ಜೆಟ್ ಗಜೇಂದ್ರಗಡದ ಬಯಲಿನಲ್ಲಿ ಇಳಿಯಲಾರದು. ಹುಬ್ಬಳ್ಳಿಯಲ್ಲಿ ಇಳಿದು, ಅಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ ಕಾರಿನಲ್ಲಿ ಬರಬೇಕು. ಇಲ್ಲವೆ ಮತ್ತೆ ಹೆಲಿಕಾಪ್ಟರ್ ತರಿಸಬೇಕು.

ಬಾಡಿಗೆ ಜೆಟ್‌ಗೆ ಗಂಟೆಗೆ 4 ಲಕ್ಷ ರೂ. ಎಂದೂ, ಸ್ವಂತ ವಿಮಾನಕ್ಕೆ ಇಂಧನ, ಲ್ಯಾಂಡಿಂಗ್ ಶುಲ್ಕ, ಗಂಟೆವಾರು ನಿರ್ವಹಣೆ ಸೇರಿ 1.5 ಲಕ್ಷ ಎಂದೂ ಲೆಕ್ಕಕ್ಕಾಗಿ ಹಿಡಿಯೋಣ. ಗಂಟೆಗೆ ಉಳಿತಾಯ 2.5 ಲಕ್ಷ. 27.3 ಕೋಟಿಯನ್ನು ಇದರಿಂದ ಭಾಗಿಸಿದರೆ 1,092 ಗಂಟೆ. ರವಿವಾರ, ಹಬ್ಬ ಹುಣ್ಣಿಮೆ ಯಾವುದನ್ನೂ ಬಿಡದೆ ದಿನಕ್ಕೆ ಮೂರು ಗಂಟೆ ಆಕಾಶದಲ್ಲಿರುವ ಮುಖ್ಯಮಂತ್ರಿ ನಮಗೆ ಬೇಕೇ ಎಂಬುದು ಬೇರೆಯೇ ಪ್ರಶ್ನೆ.

ಜೆಟ್ ಬೇಡ, 60 ಕೋಟಿ ರೂ.ಗಳ ಚಿಕ್ಕ ಟರ್ಬೊ-ಪ್ರಾಪ್ ವಿಮಾನ ಸಾಕೆನ್ನೋಣ. ಬಡ್ಡಿ 4.2 ಕೋಟಿ, ಸವಕಳಿ 2.8 ಕೋಟಿ, ಇತರೆ 3 ಕೋಟಿ, ಒಟ್ಟು 10 ಕೋಟಿ. ಬಾಡಿಗೆ ಗಂಟೆಗೆ 2 ಲಕ್ಷ, ಸ್ವಂತದ ಚರ ವೆಚ್ಚ 80 ಸಾವಿರ ಎಂದರೆ 833 ಗಂಟೆ ಬೇಕು. ಇದೂ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚಾಯಿತು. ನನ್ನ ಗಂಟೆವಾರು ದರಗಳು ಊಹೆಯವು. ಯಾರಾದರೂ ನಿಖರ ಕೊಟೇಶನ್ ತಂದು ಅಂಕಿ ಬದಲಿಸಿದರೆ ಗಂಟೆಗಳು ಹೆಚ್ಚು ಕಡಿಮೆಯಾಗುತ್ತವೆ. ಆದರೆ ಬಡ್ಡಿ ಮತ್ತು ಸವಕಳಿಯ ಸಾಲುಗಳನ್ನು ಅಳಿಸಲು ಬಾರದು. ಕೊಂಡರೆ ಉಳಿತಾಯ ಎನ್ನುವವರು ಸಾಮಾನ್ಯವಾಗಿ ಮರೆಯುವುದು ಈ ಎರಡು ಸಾಲುಗಳನ್ನೇ.

ಉಳಿಕೆ ಬೆಲೆಯ ಭ್ರಮೆ

ಮೇಲಿನ ಲೆಕ್ಕದಲ್ಲಿ ಉಳಿಕೆ ಬೆಲೆಯನ್ನು ಶೇ. 30 ಎಂದು ಹಿಡಿದದ್ದು ಉದಾರವೆಂದು ಹೇಳಿದೆನಷ್ಟೆ. ಕಾರಣವಿದೆ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಏರ್‌ಬಸ್ ಎ-319 ಐಷಾರಾಮಿ ವಿಮಾನವನ್ನು ಸೇವಾ ತೆರಿಗೆ ಇಲಾಖೆಯು ಬಾಕಿ ವಸೂಲಿಗಾಗಿ ಹರಾಜಿಗಿಟ್ಟ ಸಂಗತಿ ಹಲವರಿಗೆ ನೆನಪಿರಬಹುದು. 2016ರಲ್ಲಿ ಇಲಾಖೆಯ ಮೀಸಲು ಬೆಲೆ 152 ಕೋಟಿ ರೂ. ಬಂದ ಒಂದು ಬಿಡ್ಡು ಕೇವಲ 1.09 ಕೋಟಿ! ಮತ್ತೆ ಮತ್ತೆ ಹರಾಜು ಕರೆದು, ಕೊನೆಗೆ 2018ರಲ್ಲಿ ಅಮೆರಿಕದ ಸಂಸ್ಥೆಯೊಂದಕ್ಕೆ 34.8 ಕೋಟಿಗೆ ಹೋಯಿತು. ವರ್ಷಗಟ್ಟಲೆ ಹಾರದೆ ನಿಂತ ವಿಮಾನ ಹಳೆಯ ಕಬ್ಬಿಣಕ್ಕೆ ಸಮೀಪ. ಹಾರುತ್ತಿದ್ದರೆ ಮಾತ್ರ ಬೆಲೆ, ಹಾರಿಸಿದರೆ ವೆಚ್ಚ.

ಮೆಕ್ಸಿಕೊ ದೇಶದ ಉದಾಹರಣೆ ಇನ್ನೂ ಬೋಧಪ್ರದ. ಅಲ್ಲಿನ ಸರ್ಕಾರವು 2012ರಲ್ಲಿ ಅಧ್ಯಕ್ಷರಿಗಾಗಿ 21.8 ಕೋಟಿ ಡಾಲರ್ ಬೆಲೆಗೆ ಬೋಯಿಂಗ್ 787 ಕೊಂಡಿತು. 2018ರಲ್ಲಿ ಅಧಿಕಾರಕ್ಕೆ ಬಂದ ಲೋಪೆಸ್ ಒಬ್ರಡೋರ್ ಅವರು ಅದನ್ನು ಏರಲು ನಿರಾಕರಿಸಿ, ಸಾಮಾನ್ಯ ವಿಮಾನಗಳಲ್ಲಿ ಪ್ರಯಾಣಿಸಿದರು. ಜನ ಮೆಚ್ಚಿದರು, ಆದರೆ ವಿಮಾನ ಮಾರಾಟವಾಗಲಿಲ್ಲ. ಕೊಳ್ಳುವವರಿಲ್ಲದೆ, ನಿಲುಗಡೆ ಮತ್ತು ನಿರ್ವಹಣೆಯ ವೆಚ್ಚ ಏರುತ್ತ ಹೋಗಿ, 2023ರಲ್ಲಿ ತಜಿಕಿಸ್ತಾನವು ಸುಮಾರು 9.2 ಕೋಟಿ ಡಾಲರಿಗೆ ಕೊಂಡಿತು. ದುಂದು ಬೇಡವೆನ್ನುವ ನಾಯಕ ಮುಂದೆ ಬಂದರೂ ಹಿಂದಿನವರ ಖರೀದಿಯ ಹೊರೆ ಅವನ ತಲೆಯ ಮೇಲೆಯೇ ಉಳಿಯುತ್ತದೆ. ಬಾಡಿಗೆಯಾದರೆ ಮರುದಿನವೇ ನಿಲ್ಲಿಸಬಹುದು.

ವಿಮೆಯ ವಿಷಯದಲ್ಲಿ ಮಧ್ಯಪ್ರದೇಶದ ಅನುಭವವನ್ನು ಪ್ರತಿಯೊಬ್ಬ ಉದ್ದಿಮೆದಾರನೂ ತಿಳಿದಿರಬೇಕು. ಆ ಸರ್ಕಾರ ಹೊಸದಾಗಿ ಕೊಂಡ ಕಿಂಗ್ ಏರ್ ಬಿ-250 ವಿಮಾನವು 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೆಯ ಅಲೆಯ ನಡುವೆ, ರೆಮ್‌ಡೆಸಿವಿರ್ ಔಷಧಿ ಹೊತ್ತು ಗ್ವಾಲಿಯರ್‌ನಲ್ಲಿ ಇಳಿಯುವಾಗ ರನ್‌ವೇಯ ತಡೆಗೆ ಅಪ್ಪಳಿಸಿ ನಿರುಪಯುಕ್ತವಾಯಿತು. ವಿಮಾನಕ್ಕೆ ವಿಮೆಯೇ ಇರಲಿಲ್ಲ. ಸರ್ಕಾರವು ಬಳಿಕ ಪೈಲಟ್‌ಗೆ 85 ಕೋಟಿ ರೂ.ಗಳ ವಸೂಲಿ ನೋಟೀಸು ಕಳುಹಿಸಿತು. ಸಂಬಳದಾರ ಪೈಲಟ್ 85 ಕೋಟಿ ಎಲ್ಲಿಂದ ತರಬೇಕು? ಲಾರಿಗೆ ವಿಮೆ ಇಲ್ಲದೆ ರಸ್ತೆಗೆ ಇಳಿಸಿದ ಮಾಲೀಕನನ್ನು ಇದೇ ಸರ್ಕಾರಗಳು ದಂಡಿಸುತ್ತವೆ. ಬಾಡಿಗೆ ವಿಮಾನದಲ್ಲಿ ಆಸ್ತಿನಷ್ಟದ ಈ ಅಪಾಯ ನಿರ್ವಾಹಕ ಕಂಪನಿಯದು.

ಸ್ವಂತದ್ದಾದರೆ ಸುರಕ್ಷಿತ ಎಂಬ ವಾದವೂ ಕೇಳಿಬರುತ್ತದೆ. 2009ರ ಸೆಪ್ಟೆಂಬರ್ 2ರಂದು ನಲ್ಲಮಲ ಅರಣ್ಯದಲ್ಲಿ ಪತನಗೊಂಡು ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಸಾವಿಗೆ ಕಾರಣವಾದ ಬೆಲ್ 430 ಹೆಲಿಕಾಪ್ಟರ್ ಆಂಧ್ರಪ್ರದೇಶ ಸರ್ಕಾರದ ಸ್ವಂತದ್ದೇ ಆಗಿತ್ತು. ಸುರಕ್ಷತೆ ಬರುವುದು ನಿರಂತರ ಹಾರಾಟದಿಂದ, ನುರಿತ ಸಿಬ್ಬಂದಿಯಿಂದ, ಕಟ್ಟುನಿಟ್ಟಿನ ನಿರ್ವಹಣೆಯಿಂದ. ನಮ್ಮ ರಾಜ್ಯವೇ ನಡೆಸುವ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲಿ ಹಲವು ವರ್ಷ ತರಬೇತಿ ಸ್ಥಗಿತಗೊಂಡಿದ್ದುದನ್ನು ಬಲ್ಲವರು, ಒಂದೇ ಒಂದು ವಿಮಾನಕ್ಕಾಗಿ ಸರ್ಕಾರ ಇಷ್ಟೆಲ್ಲ ವ್ಯವಸ್ಥೆಯನ್ನು ಸದಾ ಸಜ್ಜಾಗಿಟ್ಟೀತೆಂದು ನಂಬುವುದು ಕಷ್ಟ.

ಕಾಣುವ ಖರ್ಚು, ಕಾಣದ ಖರ್ಚು

ಈ ಲೇಖಕನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ. ಸರ್ಕಾರದ ಲೆಕ್ಕಪತ್ರಗಳು ನಗದು ಆಧಾರದ ಮೇಲೆ ಬರೆಯಲ್ಪಡುತ್ತವೆ. ನಮ್ಮ ಲಾಭ-ನಷ್ಟ ಖಾತೆಯಲ್ಲಿರುವಂತೆ ಸವಕಳಿ ಎಂಬ ನಮೂದು ಅಲ್ಲಿಲ್ಲ. ವಿಮಾನ ಕೊಂಡ ವರ್ಷ ಬಂಡವಾಳ ವೆಚ್ಚವೆಂದು ಒಂದು ಸಾರಿ 191 ಕೋಟಿ ಬರೆದರೆ ಮುಗಿಯಿತು. ಮರುವರ್ಷದಿಂದ ಆ ವಿಮಾನ ಪುಸ್ತಕದ ಮಟ್ಟಿಗೆ ಪುಕ್ಕಟೆ. ಬಡ್ಡಿಯು ರಾಜ್ಯದ ಒಟ್ಟು ಸಾಲದ ಬಡ್ಡಿಯಲ್ಲಿ ಕರಗಿಹೋಗುತ್ತದೆ. ಪೈಲಟ್‌ಗಳ ಸಂಬಳ ಇಲಾಖೆಯ ವೇತನದಲ್ಲಿ ಸೇರುತ್ತದೆ. ಮೂರು ವರ್ಷಗಳ ನಂತರ ಸದನದಲ್ಲಿ ಇದೇ ಪ್ರಶ್ನೆ ಕೇಳಿದರೆ, ಬರುವ ಉತ್ತರದಲ್ಲಿ ಬಹುಶಃ ಇಂಧನದ ಖರ್ಚಷ್ಟೇ ಇರುತ್ತದೆ. 21 ಕೋಟಿ ಇದ್ದದ್ದು 5 ಕೋಟಿಗೆ ಇಳಿದಿದೆ ಎಂದು ಹೇಳಿಕೊಳ್ಳಲೂಬಹುದು. ನಿಜವಾದ ವೆಚ್ಚ ಏರಿರುತ್ತದೆ, ಕಾಣುವ ವೆಚ್ಚ ಇಳಿದಿರುತ್ತದೆ.

ಇದರ ಇನ್ನೊಂದು ಪರಿಣಾಮ ಬಳಕೆಯ ಮೇಲೆ. ಬಾಡಿಗೆಯಾದರೆ ಪ್ರತಿ ಪ್ರಯಾಣಕ್ಕೂ ಒಂದು ಬಿಲ್ಲು ಬರುತ್ತದೆ. ಅದಕ್ಕೆ ಯಾರೋ ಒಬ್ಬ ಅಧಿಕಾರಿ ಸಹಿ ಹಾಕಬೇಕು. ನಾಳೆ ಮಹಾಲೇಖಪಾಲರ ಪರಿಶೋಧಕರು ಅದನ್ನು ಕೇಳಬಹುದು. ಸ್ವಂತದ್ದಾದರೆ, ಹೇಗೂ ಇದೆಯಲ್ಲ ಎಂಬ ಮನೋಭಾವ. ಕಾರು ಕೊಂಡ ಮೇಲೆ ಓಣಿಯ ಅಂಗಡಿಗೂ ಕಾರಿನಲ್ಲೇ ಹೋಗುವವರನ್ನು ನಾವು ಕಂಡಿದ್ದೇವೆ.

ಖಾಸಗಿ ಕಂಪನಿಯೊಂದು ಇದನ್ನು ಹೇಗೆ ತೋರಿಸುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಆರಂಭವಾದ ವಿಜಯ ಸಂಕೇಶ್ವರರ ವಿಆರ್‌ಎಲ್ ಸಂಸ್ಥೆಯು ಸ್ವಂತ ವಿಮಾನ ಹೊಂದಿದ್ದ ವರ್ಷಗಳಲ್ಲಿ ಅದನ್ನು ಬಾಡಿಗೆ ಸೇವೆಗೂ ಬಿಡುತ್ತಿತ್ತು. ಸರಕು ಸಾಗಣೆ, ಬಸ್ಸು, ಪವನ ವಿದ್ಯುತ್ತುಗಳ ಜೊತೆಯಲ್ಲಿ ವಿಮಾನ ಪ್ರಯಾಣ ಸೇವೆಯನ್ನೂ ಪ್ರತ್ಯೇಕ ವಿಭಾಗವಾಗಿ ವಾರ್ಷಿಕ ವರದಿಯಲ್ಲಿ ತೋರಿಸುತ್ತಿತ್ತು. ಹತ್ತು ಷೇರು ಇಟ್ಟುಕೊಂಡ ರೋಣದ ಹೂಡಿಕೆದಾರನೂ ವಿಮಾನದಿಂದ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಓದಬಹುದಿತ್ತು. ಏಳು ಕೋಟಿ ಜನರ ಸರ್ಕಾರದ ಬಜೆಟ್ ಪುಸ್ತಕದಲ್ಲಿ ಅಂಥದೊಂದು ಪುಟವನ್ನು ಅಪೇಕ್ಷಿಸುವುದು ಅತಿಯಾಸೆಯಲ್ಲ.

ವರ್ತಕನಿಗೆ ಅನ್ವಯವಾಗುವ ನಿಯಮ

ಸರ್ಕಾರವೇ ವರ್ತಕನ ಮೇಲೆ ವಿಧಿಸಿರುವ ಮಾನದಂಡಗಳನ್ನು ಈಗ ನೋಡೋಣ. 1961ರ ಆದಾಯ ತೆರಿಗೆ ಕಾಯ್ದೆಯ 37ನೇ ಕಲಮಿನಂತೆ, ಸಂಪೂರ್ಣವಾಗಿ ಮತ್ತು ಕೇವಲ ವ್ಯವಹಾರಕ್ಕಾಗಿ ಮಾಡಿದ ವೆಚ್ಚ ಮಾತ್ರ ಕಳೆಯಲು ಅರ್ಹ. ಕಾರು ಭಾಗಶಃ ಮನೆಯ ಬಳಕೆಗಿದ್ದರೆ 38ನೇ ಕಲಮಿನಂತೆ ಆ ಪಾಲನ್ನು ಅಧಿಕಾರಿ ಹೊರಗಿಡುತ್ತಾನೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾದರೂ ತತ್ತ್ವ ಬದಲಾಗಿಲ್ಲ. ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನಂತೆ ವಿಮಾನ ಕೊಂಡ ಕಂಪನಿಯು ಅದನ್ನು ಪ್ರಯಾಣಿಕರ ಅಥವಾ ಸರಕಿನ ಸಾಗಣೆ, ಹಾರಾಟದ ತರಬೇತಿ, ಮರುಮಾರಾಟ ಇಂಥ ಉದ್ದೇಶಗಳಿಗೆ ಬಳಸಿದರಷ್ಟೇ ಇನ್‌ಪುಟ್ ತೆರಿಗೆಯ ಜಮೆ ದೊರೆಯುತ್ತದೆ. ನಿರ್ದೇಶಕರ ಓಡಾಟಕ್ಕಾದರೆ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಬಳಕೆಯ ವಿಮಾನಗಳ ಮೇಲಿನ ಜಿಎಸ್‌ಟಿಯನ್ನು ಶೇ. 28ರಿಂದ ಶೇ. 40ಕ್ಕೆ ಏರಿಸಲಾಗಿದೆ. ಅಂದರೆ ಸ್ವಂತ ವಿಮಾನವನ್ನು ಐಷಾರಾಮದ ಪಟ್ಟಿಗೆ ಸೇರಿಸಿದವರು ನಾವಲ್ಲ, ಜಿಎಸ್‌ಟಿ ಮಂಡಳಿ. ಅದರಲ್ಲಿ ಎಲ್ಲ ರಾಜ್ಯಗಳ ಮಂತ್ರಿಗಳೂ ಕುಳಿತಿರುತ್ತಾರೆ.

ಅತಿಸಣ್ಣ ಅಥವಾ ಸಣ್ಣ ಉದ್ದಿಮೆಯಿಂದ ಮಾಲು ಕೊಂಡು 45 ದಿನಗಳೊಳಗೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ, ಹಣ ಕೊಡದ ವರ್ತಕನಿಗೆ ಆ ವರ್ಷ ಆ ವೆಚ್ಚದ ಕಡಿತವೇ ಇಲ್ಲ ಎಂಬ 43ಬಿ(ಎಚ್) ನಿಯಮದ ಬಿಸಿ 2024ರಿಂದ ನಮ್ಮ ಸದಸ್ಯರಿಗೆ ತಟ್ಟಿದೆ. ಸರ್ಕಾರಿ ಇಲಾಖೆಗೆ ಮಾಲು ಒದಗಿಸಿ ತಿಂಗಳುಗಟ್ಟಲೆ ಬಿಲ್ಲಿಗಾಗಿ ಅಲೆದವರೂ ನಮ್ಮಲ್ಲಿದ್ದಾರೆ. ವಿಮಾನದ ಬಾಡಿಗೆ ಬಿಲ್ಲೂ ಅದೇ ಸರದಿಯಲ್ಲಿ ನಿಲ್ಲುತ್ತದೆಯೇ ಎಂದು ಅವರು ಕೇಳಿದರೆ ತಪ್ಪಿಲ್ಲ.

ತೆರಿಗೆ ಕೊಡುವವನು ಪ್ರತಿಫಲದ ಲೆಕ್ಕ ಕೇಳುವುದು ಈ ಸೀಮೆಗೆ ಹೊಸದಲ್ಲ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ನರಗುಂದದಲ್ಲಿ ಬೆಟರ್‌ಮೆಂಟ್ ಲೆವಿಯ ವಿರುದ್ಧ ನಿಂತಾಗ ಅವರು ಎತ್ತಿದ ಪ್ರಶ್ನೆ ಇದೇ ಸ್ವರೂಪದ್ದಾಗಿತ್ತು. ಆ ವರ್ಷದ ಜುಲೈ 21ರ ಗೋಲಿಬಾರು ಮತ್ತು ಅದರಾಚೆಗಿನ ಇತಿಹಾಸ ಎಲ್ಲರಿಗೂ ಗೊತ್ತು.

ಹಾಗಾದರೆ ಹಾರಲೇಬಾರದೇ?

ಹಾರಬಾರದು ಎಂಬುದು ಈ ಲೇಖನದ ಅಭಿಪ್ರಾಯವಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕ ನೀರಿನಲ್ಲಿ ಮುಳುಗಿದಾಗ, ಮತ್ತೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು ಜಲಾವೃತವಾದಾಗ, ರಸ್ತೆಗಳೇ ಕಡಿದುಹೋಗಿದ್ದವು. 2019ರಲ್ಲಿ ಯಡಿಯೂರಪ್ಪನವರ ಸಂಪುಟವಿನ್ನೂ ರಚನೆಯಾಗಿರಲಿಲ್ಲ. ಒಬ್ಬ ಮುಖ್ಯಮಂತ್ರಿ ಹತ್ತಾರು ಜಿಲ್ಲೆ ನೋಡಬೇಕಿತ್ತು. ಅಂಥ ವೇಳೆ ಹೆಲಿಕಾಪ್ಟರ್ ಇಲ್ಲದೆ ಆಗದು. ಹಾನಿಯನ್ನು ಮೇಲಿನಿಂದ ನೋಡಿ ಹೋದದ್ದರಿಂದ ಪರಿಹಾರ ಬೇಗ ಬಂದಿತೇ ಎಂಬುದನ್ನು ಆ ಊರಿನವರೇ ಹೇಳಬೇಕು.

ಸಮಯಕ್ಕೂ ಬೆಲೆಯಿದೆ. ಗಜೇಂದ್ರಗಡದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು ಎಂಟು ತಾಸು. ಹೋಗಿ ಬರುವುದೆಂದರೆ ಎರಡು ದಿನ. ಆದರೆ ಸಮಯದ ವಾದವನ್ನು ಮಾರ್ಗಕ್ಕೆ ತಕ್ಕಂತೆ ಪರೀಕ್ಷಿಸಬೇಕು. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಆರಂಭಿಸಿದ ಮೊದಮೊದಲ ಮಾರ್ಗಗಳಲ್ಲಿ ಬೆಂಗಳೂರು-ಹುಬ್ಬಳ್ಳಿಯೂ ಒಂದು. ಇಂದು ಆ ಮಾರ್ಗದಲ್ಲಿ ಸಾಮಾನ್ಯ ವಿಮಾನಗಳಿವೆ. ಕೆಲವು ಸಾವಿರ ರೂಪಾಯಿಯ ಟಿಕೆಟ್ಟಿನಲ್ಲಿ ಮಂತ್ರಿಗಳೂ ಅಧಿಕಾರಿಗಳೂ ಬರಬಹುದು, ಬರುತ್ತಲೂ ಇದ್ದಾರೆ. ಸದನಕ್ಕೆ ಕೊಟ್ಟ ಪಟ್ಟಿಯಲ್ಲಿ ಬೆಂಗಳೂರು-ಮೈಸೂರು ನಡುವಿನ ಪ್ರಯಾಣಗಳೂ ಇದ್ದವು. ಆ ಎರಡು ನಗರಗಳ ನಡುವೆ ಎಂಟು ಸಾವಿರ ಕೋಟಿಗೂ ಮಿಕ್ಕ ವೆಚ್ಚದ ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿಯೇ ಉದ್ಘಾಟನೆಗೊಂಡಿದೆ. ಜನರು ಟೋಲ್ ಕೊಟ್ಟು ಓಡಾಡುವ ರಸ್ತೆಯ ಮೇಲೆಯೇ ಸರ್ಕಾರದ ಹೆಲಿಕಾಪ್ಟರ್ ಹಾರಿದರೆ, ಉಳಿದ ಅರ್ಧ ತಾಸಿಗೆ ಎಷ್ಟು ಲಕ್ಷ ಎಂದು ಕೇಳಬೇಕಾಗುತ್ತದೆ.

2023ರ ಡಿಸೆಂಬರ್‌ನಲ್ಲಿ, ಬರ ಪರಿಹಾರಕ್ಕಾಗಿ ಕೇಂದ್ರದ ನೆರವು ಕೋರಲು ಮುಖ್ಯಮಂತ್ರಿಗಳು ದೆಹಲಿಗೆ ಹೋದ ಸಂದರ್ಭದಲ್ಲಿ, ಸಚಿವ ಜಮೀರ್ ಅಹಮದ್ ಖಾನ್ ಅವರು ಐಷಾರಾಮಿ ವಿಮಾನದೊಳಗಿನ ವಿಡಿಯೊ ಹಂಚಿಕೊಂಡದ್ದು ದೊಡ್ಡ ವಿವಾದವಾಯಿತು. ಬಿಜೆಪಿ ಟೀಕಿಸಿತು, ಪ್ರಧಾನಿ ಮೋದಿ ಯಾವುದರಲ್ಲಿ ಪ್ರಯಾಣಿಸುತ್ತಾರೆಂದು ಕೇಳಿ ಎಂದು ಮುಖ್ಯಮಂತ್ರಿಗಳು ಮರುನುಡಿದರು. ಪ್ರಧಾನಿಯವರ ಎರಡು ಬೋಯಿಂಗ್ 777 ವಿಮಾನಗಳು 2020ರಲ್ಲಿ ಬಂದದ್ದು ನಿಜ, ಗುಜರಾತಿನ ಜೆಟ್ ಕೊಂಡದ್ದು ಬಿಜೆಪಿ ಸರ್ಕಾರವೆಂಬುದೂ ನಿಜ. ಆದರೆ ಪಕ್ಕದ ಅಂಗಡಿಯವನ ಖರ್ಚು ನಮ್ಮ ಖರ್ಚಿಗೆ ವೋಚರ್ ಆಗುವುದಿಲ್ಲ. ಪರಿಶೋಧಕನ ಮುಂದೆ ಹೀಗೆ ಉತ್ತರಿಸುವ ಕಕ್ಷಿಗಾರನಿಗೆ ನಾವು ಏನು ಹೇಳುತ್ತೇವೆ?

ಆ ವಿವಾದದಲ್ಲಿ ಯಾರೂ ಎತ್ತದ ಪ್ರಶ್ನೆ ಬೇರೆ ಇತ್ತು. ಒಂದೇ ದೆಹಲಿ ಪ್ರಯಾಣದಲ್ಲಿ ಸರ್ಕಾರದ ಕೆಲಸವೂ ಪಕ್ಷದ ವರಿಷ್ಠರ ಭೇಟಿಯೂ ಸೇರಿದ್ದರೆ ವೆಚ್ಚವನ್ನು ಹೇಗೆ ಹಂಚಬೇಕು? ಇದು ಯಾವ ಒಂದು ಪಕ್ಷಕ್ಕೂ ಸೀಮಿತವಲ್ಲ. ಚುನಾವಣೆ ಘೋಷಣೆಯಾದ ಮೇಲೆ ಮಾದರಿ ನೀತಿಸಂಹಿತೆ ಸರ್ಕಾರಿ ವಿಮಾನವನ್ನು ಪಕ್ಷದ ಕೆಲಸಕ್ಕೆ ಬಳಸುವುದನ್ನು ನಿಷೇಧಿಸುತ್ತದೆ. ವಾಯುಪಡೆಯ ವಿಮಾನವನ್ನು ಪ್ರಧಾನಿಯವರು ಅಧಿಕೃತವಲ್ಲದ ಪ್ರವಾಸಕ್ಕೆ ಬಳಸಿದರೆ ನಿಗದಿತ ದರದಲ್ಲಿ ಹಣ ಸಂದಾಯ ಮಾಡುವ ಪದ್ಧತಿಯೂ ಇದೆ. ಅಮೆರಿಕದಲ್ಲಿ ಸರ್ಕಾರಿ ವಿಮಾನ ಬಳಸುವ ಮೊದಲು ಸಾಮಾನ್ಯ ವಿಮಾನದ ದರದೊಂದಿಗೆ ಹೋಲಿಕೆ ಮಾಡಿ ದಾಖಲಿಸಬೇಕೆಂಬ ನಿಯಮವಿದ್ದು, ಅಲ್ಲಿನ ಆರೋಗ್ಯ ಸಚಿವ ಟಾಮ್ ಪ್ರೈಸ್ ಅವರು 2017ರ ಸೆಪ್ಟೆಂಬರ್‌ನಲ್ಲಿ ಬಾಡಿಗೆ ವಿಮಾನಗಳ ದುಬಾರಿ ಪ್ರಯಾಣದ ಕಾರಣಕ್ಕೇ ರಾಜೀನಾಮೆ ಕೊಟ್ಟರು.

ಬಾಡಿಗೆಯಲ್ಲಿಯೂ ಎಚ್ಚರ

ಬಾಡಿಗೆ ಮೇಲು ಎಂದ ಮಾತ್ರಕ್ಕೆ ಯಾವ ದರವಾದರೂ ಸರಿ ಎಂದರ್ಥವಲ್ಲ. ಕೇರಳ ಸರ್ಕಾರವು 2020ರಲ್ಲಿ ಪವನ್ ಹಂಸ್ ಸಂಸ್ಥೆಯಿಂದ ತಿಂಗಳಿಗೆ 20 ಗಂಟೆಗಳ ಹಾರಾಟಕ್ಕೆ 1.44 ಕೋಟಿ ರೂ.ಗಳಂತೆ ಹೆಲಿಕಾಪ್ಟರ್ ಪಡೆಯಿತು. ಹಾರಲಿ ಬಿಡಲಿ, ಅಷ್ಟು ಕೊಡಲೇಬೇಕು. ಪೂರ್ಣ ಬಳಸಿದರೂ ಗಂಟೆಗೆ 7.2 ಲಕ್ಷ. 2023ರಲ್ಲಿ ಬೇರೊಂದು ಖಾಸಗಿ ಸಂಸ್ಥೆಯೊಂದಿಗೆ ಆದ ಒಪ್ಪಂದ 25 ಗಂಟೆಗಳಿಗೆ 80 ಲಕ್ಷ, ಅಂದರೆ ಗಂಟೆಗೆ 3.2 ಲಕ್ಷ. ಯಂತ್ರ ಬೇರೆಯಾದ್ದರಿಂದ ಎರಡನ್ನೂ ನೇರವಾಗಿ ಹೋಲಿಸಲಾಗದು; ಆದರೂ ಅರ್ಧಕ್ಕಿಂತ ಕೆಳಗಿಳಿದ ದರ ವಿಚಾರಾರ್ಹ. ಕನಿಷ್ಠ ಗಂಟೆಗಳ ಖಾತರಿ ಕೊಡುವ ಮಾಸಿಕ ಒಪ್ಪಂದ ಅರ್ಧ ಖರೀದಿಯಿದ್ದಂತೆ; ಗಂಟೆಗಳು ತುಂಬದಿದ್ದರೆ ಸ್ವಂತ ವಿಮಾನದ ದೋಷವೆಲ್ಲ ಅದಕ್ಕೂ ಬರುತ್ತದೆ.

ನಮ್ಮಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವಿದೆ. ಅದರಲ್ಲಿಯೇ 4(ಜಿ) ಎಂಬ ವಿನಾಯಿತಿಯ ಬಾಗಿಲೂ ಇದೆ. ಸರ್ಕಾರವು ಅಧಿಸೂಚನೆ ಹೊರಡಿಸಿ ಟೆಂಡರ್ ಇಲ್ಲದೆ ಪಡೆಯಬಹುದು. ಪ್ರವಾಹದ ರಾತ್ರಿ ಟೆಂಡರ್ ಕರೆಯಲಾಗದು, ಒಪ್ಪೋಣ. ಆದರೆ ವರ್ಷದ ಆರಂಭದಲ್ಲಿಯೇ ಗಂಟೆವಾರು ದರ, ಖಾಲಿ ಹಾರಾಟದ ದರ, ಹಾಲ್ಟಿಂಗ್ ದರಗಳಿಗೆ ಸ್ಪರ್ಧಾತ್ಮಕ ದರ ಒಪ್ಪಂದ ಮಾಡಿಕೊಂಡು, ಬೇಕಾದಾಗ ಆ ದರದಲ್ಲಿ ತರಿಸಲು ಅಡ್ಡಿಯೇನಿಲ್ಲ. ಸಾಗಣೆದಾರರೊಂದಿಗೆ ವರ್ಷದ ದರ ಕುದುರಿಸುವ ನಮ್ಮ ಹತ್ತಿಯ ಹಾಗೂ ಎಣ್ಣೆಕಾಳಿನ ವರ್ತಕರು ಮಾಡುವುದು ಇದನ್ನೇ. ಬಾಡಿಗೆಯ ಮೇಲಿನ ಶೇ. 18ರ ಜಿಎಸ್‌ಟಿಯನ್ನು ನೋಡಿ ಗಾಬರಿಯಾಗಬೇಕಾಗಿಲ್ಲ. ನಿರ್ವಾಹಕನು ರಾಜ್ಯದಲ್ಲಿಯೇ ನೋಂದಣಿಯಾಗಿದ್ದರೆ ಅದರ ಅರ್ಧ ಎಸ್‌ಜಿಎಸ್‌ಟಿಯಾಗಿ ಮರಳಿ ರಾಜ್ಯದ ಬೊಕ್ಕಸಕ್ಕೇ ಬರುತ್ತದೆ.

ಮಾಹಿತಿ ಪಡೆಯುವ ವಿಧಾನ

ಸದನದಲ್ಲಿ ಪ್ರಶ್ನೆ ಕೇಳುವ ಅವಕಾಶ ನಮಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಆಸಕ್ತ ಸದಸ್ಯರು ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಉತ್ತರಕ್ಕೆ 30 ದಿನಗಳ ಅವಧಿ. ಕರ್ನಾಟಕದ ನಿಯಮಗಳಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿ, 150 ಪದಗಳೊಳಗಿರಬೇಕು. ಆದ್ದರಿಂದ ಒಟ್ಟು ಖರ್ಚೆಷ್ಟು ಎಂದು ಕೇಳಿ ಪದಗಳನ್ನು ವ್ಯರ್ಥ ಮಾಡಬಾರದು. ಅದು ಈಗಾಗಲೇ ಸದನದ ದಾಖಲೆಯಲ್ಲಿದೆ. ಒಂದು ನಿರ್ದಿಷ್ಟ ಹಣಕಾಸು ವರ್ಷವನ್ನು ಹೆಸರಿಸಿ, ಪ್ರತಿ ಪ್ರಯಾಣದ ದಿನಾಂಕ, ಮಾರ್ಗ, ಪ್ರಯಾಣದ ಉದ್ದೇಶ, ಪ್ರಯಾಣಿಕರ ಸಂಖ್ಯೆ, ಪ್ರಯಾಣಿಕರೊಂದಿಗೆ ಹಾರಿದ ಗಂಟೆಗಳು, ಖಾಲಿ ಹಾರಿದ ಗಂಟೆಗಳು, ಹಾಲ್ಟಿಂಗ್ ಶುಲ್ಕ, ಗಂಟೆವಾರು ದರ ಮತ್ತು ಆ ದರ ಟೆಂಡರಿನಿಂದ ಬಂದದ್ದೋ 4(ಜಿ) ವಿನಾಯಿತಿಯಿಂದ ಬಂದದ್ದೋ ಎಂಬ ವಿವರಗಳನ್ನೂ, ಜೊತೆಗೆ ಆಯಾ ಬಿಲ್ಲು ಸಲ್ಲಿಕೆಯಾದ ಮತ್ತು ಪಾವತಿಯಾದ ದಿನಾಂಕಗಳನ್ನೂ ಕೇಳಿರಿ. ಖಾಲಿ ಹಾರಾಟದ ಗಂಟೆಗಳ ಅಂಕಣವನ್ನು ಮೊದಲು ನೋಡಿರಿ.